ಉಪಗ್ರಹ ಕ್ಯಾಮೆರಾದ ಕನ್ನಡಿ ತಯಾರಾಗುವುದು ಹೇಗೆ?

ಕುಂದಗೋಳ ತಾಲ್ಲೂಕಿನ ಸಂಶಿಯ ಎರೆಹೊಲದಲ್ಲಿ ಒಂದು ಚಕ್ಕಡಿ ನಿಂತಿದೆ ಎಂದುಕೊಳ್ಳಿ. 618 ಕಿ.ಮೀ. ಎತ್ತರದಿಂದ ಅದು ಹೇಗೆ ಕಂಡೀತು? 2005ರ ಮೇ 5ರಂದು ಉಡಾವಣೆಗೊಂಡ ಕಾರ್ಟೋಸ್ಯಾಟ್-1 ಉಪಗ್ರಹ ಅಷ್ಟು ಎತ್ತರದಿಂದ ಸುಮಾರು 2.5 ಮೀಟರ್ ಸ್ಫುಟತೆಯ ಚಿತ್ರಗಳನ್ನು ತೆಗೆಯಿತು. ಅದರಲ್ಲಿ ಚಕ್ಕಡಿ ಒಂದೆರಡು ಚುಕ್ಕೆಗಳಷ್ಟೇ. ಆ ಚುಕ್ಕೆಯೂ ಕದಡದೆ ಮೂಡಬೇಕಾದರೆ ಕ್ಯಾಮೆರಾದ ಕನ್ನಡಿ ನಿರ್ದುಷ್ಟವಾಗಿರಬೇಕು.

ಮೊದಲು ಲೆಕ್ಕ

ಸಂವೇದಕದ ಒಂದು ಚುಕ್ಕೆಯ ಅಗಲ 7 ಮೈಕ್ರೋಮೀಟರ್, ಕ್ಯಾಮೆರಾದ ನಾಭಿದೂರ ಸುಮಾರು 2 ಮೀಟರ್. ಸಮರೂಪ ತ್ರಿಭುಜಗಳ ನಿಯಮದಂತೆ ನೇರ ಕೆಳಗಿನ ನೆಲದಲ್ಲಿ ಈ ಚುಕ್ಕೆ ಸುಮಾರು 2.2 ಮೀಟರ್‌ಗೆ ಸಮ. ಓರೆಯಾಗಿ ನೋಡಿದಾಗ ಇದು ಇನ್ನಷ್ಟು ಹಿಗ್ಗುತ್ತದೆ.

ಬೆಳಕು ತರಂಗವಾದ್ದರಿಂದ ಯಾವ ಕನ್ನಡಿಯೂ ಅದನ್ನು ಬಿಂದುವಾಗಿ ಕೂಡಿಸಲಾರದು. ವಿವರ್ತನೆಯಿಂದ ಪುಟ್ಟ ಬಿಲ್ಲೆ ಮೂಡುತ್ತದೆ. ನಾಭಿದೂರವು ಕನ್ನಡಿಯ ವ್ಯಾಸದ 4.5 ಪಟ್ಟಿದ್ದರೆ, ಹಸಿರು ಬೆಳಕಿಗೆ ಈ ಬಿಲ್ಲೆಯ ವ್ಯಾಸ ಸುಮಾರು 6 ಮೈಕ್ರೋಮೀಟರ್. ಕನ್ನಡಿ ಇನ್ನೂ ಕಿರಿದಾದರೆ ಬಿಲ್ಲೆ ಹಿಗ್ಗಿ ಪಕ್ಕದ ಚುಕ್ಕೆಗೆ ಚೆಲ್ಲುತ್ತದೆ. ವಿನ್ಯಾಸಕಾರರು ವ್ಯಾಸವನ್ನು ನಿರ್ಧರಿಸುವುದು ಹೀಗೆ.

ಮಸೂರ ಏಕಲ್ಲ?

ಮಸೂರ ಬಣ್ಣಗಳನ್ನು ಬೇರೆ ಬೇರೆ ದೂರದಲ್ಲಿ ಕೂಡಿಸುತ್ತದೆ. ಪ್ರತಿಫಲನಕ್ಕೆ ಈ ವರ್ಣದೋಷವಿಲ್ಲ. ಕನ್ನಡಿಯನ್ನು ಹಿಂದಿನಿಂದ ಆಧರಿಸಬಹುದು, ಹಿಂಬದಿಯ ಗಾಜನ್ನು ಕೊರೆದು ತೆಗೆದು ತೂಕವನ್ನೂ ಇಳಿಸಬಹುದು. ಬಿಸಿಲು, ನೆರಳುಗಳಲ್ಲಿ ಆಕಾರ ಕೆಡದಿರಲೆಂದು ಝೆರೋಡೂರ್‌ನಂಥ, ಬಹುಮಟ್ಟಿಗೆ ಹಿಗ್ಗದ ಗಾಜುಪಿಂಗಾಣಿಯನ್ನು ಬಳಸುತ್ತಾರೆ.

ಅರೆತ, ಹೊಳಪು, ಪರೀಕ್ಷೆ

ಮೊದಲು ಒರಟು ಪುಡಿಯಿಂದ, ಬಳಿಕ ನಯವಾದ ಪುಡಿಯಿಂದ ಗಾಜನ್ನು ಅರೆಯುತ್ತಾರೆ. ಅನಂತರ ರಾಳ ಮೆತ್ತಿದ ಉಪಕರಣ ಮತ್ತು ಸೀರಿಯಂ ಆಕ್ಸೈಡಿನಿಂದ ಹೊಳಪು ಕೊಡುತ್ತಾರೆ. ಎರಡು ಮೈಗಳು ಎಲ್ಲ ದಿಕ್ಕಿನಲ್ಲೂ ಉಜ್ಜಿಕೊಂಡರೆ ತಾವಾಗಿಯೇ ಗೋಳಾಕಾರ ತಳೆಯುತ್ತವೆ. ಆದರೆ ಗೋಳೀಯ ಕನ್ನಡಿಯ ಅಂಚು ಮತ್ತು ನಡುಭಾಗದ ನಾಭಿಗಳು ಒಂದೇ ಅಲ್ಲ. ಆದ್ದರಿಂದ ಪರವಲಯದಂಥ ಆಕಾರ ಬೇಕು. ಅದಕ್ಕೆ ಸ್ಥಳ ನೋಡಿ ಉಜ್ಜಿ, ಅಳೆದು, ಮತ್ತೆ ಉಜ್ಜಬೇಕು.

ಮೇಲ್ಮೈ ತಗ್ಗಾದಷ್ಟು ಬೆಳಕಿನ ಹಾದಿ ಹೋಗುವಾಗ, ಬರುವಾಗ ಎರಡೂ ಸಲ ಹೆಚ್ಚುತ್ತದೆ. ಹಾದಿಯ ದೋಷ ತರಂಗದೂರದ ಕಾಲುಭಾಗ ಮೀರಬಾರದೆಂದರೆ ಮೇಲ್ಮೈಯ ದೋಷ ಎಂಟನೇ ಒಂದು ಭಾಗದೊಳಗಿರಬೇಕು. ಇದು ಸುಮಾರು 0.07 ಮೈಕ್ರೋಮೀಟರ್, ಅಂದರೆ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲು! ಇದನ್ನು ವ್ಯತಿಕರಣ ಪಟ್ಟಿಗಳಿಂದ ಅಳೆಯುತ್ತಾರೆ. ಕೊನೆಗೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪ.

ಅಳತೆಯೇ ತಪ್ಪಿದರೆ? 1990ರಲ್ಲಿ ಕಕ್ಷೆ ಸೇರಿದ ಹಬಲ್ ದೂರದರ್ಶಕದ ಕನ್ನಡಿಯ ಅಂಚು 2.2 ಮೈಕ್ರೋಮೀಟರ್‌ನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಪರೀಕ್ಷಾ ಸಾಧನದ ಒಂದು ಮಸೂರ 1.3 ಮಿ.ಮೀ. ಸರಿದು ಕೂತಿದ್ದೇ ಕಾರಣ. ಹೊಳಪಿನ ಕೆಲಸ ಅತ್ಯುತ್ತಮವಾಗಿತ್ತು, ಆದರೆ ತಪ್ಪು ಆಕಾರಕ್ಕೆ! 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿದರು. ನಮ್ಮ ದೂರಸಂವೇದಿ ಉಪಗ್ರಹಗಳಿಗೆ ಅಂಥ ರಿಪೇರಿಯ ಅವಕಾಶವಿಲ್ಲ. ಎಲ್ಲವೂ ನೆಲದ ಮೇಲೆಯೇ ಸರಿಯಾಗಬೇಕು.

ನಮ್ಮಲ್ಲಿ

ಬೆಂಗಳೂರಿನ ಪೀಣ್ಯದಲ್ಲಿ, 1975ರ ಆರ್ಯಭಟ ಉಪಗ್ರಹ ಸಿದ್ಧವಾದ ತಾಣದಲ್ಲೇ, ಇಸ್ರೋದ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ (ಲಿಯೋಸ್) 1993ರಿಂದ ಇದೆ. ಉಪಗ್ರಹಗಳಿಗೆ ಬೇಕಾದ ದ್ಯುತಿ ಉಪಕರಣಗಳು ಅಲ್ಲಿ ತಯಾರಾಗುತ್ತವೆ. 1986ರಲ್ಲಿ ಕಾವಲೂರಿನಲ್ಲಿ ಉದ್ಘಾಟನೆಗೊಂಡ ವೇಣುಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಗೆ ಆಕಾರ ಕೊಟ್ಟದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲಿ.

ನೀವೇ ಮಾಡಿ ನೋಡಿ

ನಿಮ್ನದರ್ಪಣವೊಂದರ ವಕ್ರತಾ ಕೇಂದ್ರದಲ್ಲಿ ಸೂಜಿರಂಧ್ರದಿಂದ ಬೆಳಕು ಹಾಯಿಸಿ. ಹಿಂದಿರುಗಿದ ಬೆಳಕು ಕೂಡುವಲ್ಲಿ ಕಣ್ಣಿಟ್ಟು, ಬ್ಲೇಡಿನ ಅಂಚನ್ನು ಎಚ್ಚರದಿಂದ ಮೆಲ್ಲಗೆ ಅಡ್ಡ ತನ್ನಿ. ಮೈ ನಿಜವಾಗಿ ಗೋಳೀಯವಾಗಿದ್ದರೆ ಕನ್ನಡಿ ಇಡಿಯಾಗಿ ಒಮ್ಮೆಲೇ ಮಂಕಾಗುತ್ತದೆ. ಇಲ್ಲವಾದರೆ ಉಬ್ಬುತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ಇದು 1858ರಲ್ಲಿ ಫೂಕೋ ತೋರಿಸಿದ ಉಪಾಯ. ಕ್ಷೌರದ ಕನ್ನಡಿಗೆ ಈ ಪರೀಕ್ಷೆ ಮಾಡಿ. ನಯವಾಗಿ ಕಾಣುವುದೆಲ್ಲ ನಿಖರವಲ್ಲ ಎಂಬುದು ತಿಳಿಯುತ್ತದೆ.