ಲಾಲ್‌ಬಾಗ್ ಬಂಡೆಯ ಕೆಳಗೊಂದು ಇಲಾಖೆಯ ಕಥೆ

ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ? ನಿಮ್ಮ ಕಾಲಡಿ ಇದ್ದದ್ದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು! ಅದಕ್ಕೆ ‘ಪೆನಿನ್ಸುಲರ್ ನೈಸ್’ ಅಂತ ಹೆಸರು ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್.

ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದದ್ದು 1894ರಲ್ಲಿ. ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್. ಇಂದಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅಲ್ಲಿದೆ.

ಕಲ್ಲುಗಣಿ ಗುತ್ತಿಗೆ, ಜಲ್ಲಿ-ಮರಳು ಸಾಗಿಸಲು ಪರ್ಮಿಟ್, ರಾಜಧನ ವಸೂಲಿ ಎಲ್ಲ ಈ ಇಲಾಖೆಯದೇ. ನನಗೆ ಮಾತ್ರ ದೊಡ್ಡದಾಗಿ ಕಾಣುವುದು ಅದರ ಭೂವೈಜ್ಞಾನಿಕ ನಕ್ಷೆ. ಸುತ್ತಿಗೆ ಹಿಡಿದು ಊರೂರು ಅಲೆದು, ಕಲ್ಲು ಒಡೆದು ನೋಡಿ ಬರೆದ ನಕ್ಷೆ.

ಆ ನಕ್ಷೆ ನೋಡಿದರೆ ಗೊತ್ತಾಗುತ್ತದೆ, ನಮ್ಮದು ಹೆಚ್ಚಾಗಿ ಗಟ್ಟಿ ಬಂಡೆಯ ನೆಲ. ನೀರು ನಿಲ್ಲುವುದು ಬಿರುಕುಗಳಲ್ಲಿ, ಬಂಡೆ ಸವೆದು ಸಡಿಲವಾದ ಪದರದಲ್ಲಿ. ಬೋರ್‌ವೆಲ್ ಕೊರೆಸುತ್ತಿದ್ದೀರಾ? ಲಾರಿ ಕರೆಸುವ ಮುಂಚೆ ಭೂವಿಜ್ಞಾನಿಯಿಂದ ಪಾಯಿಂಟ್ ಮಾಡಿಸಿ.