ದೇವರ ಚಿತ್ತವೂ ನಮ್ಮ ಎಚ್ಚರಿಕೆಯೂ

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ಶಾಲೆಯ ಗೋಡೆಗಳ ಮೇಲೆ ಓದುತ್ತಲೇ ನಾವೆಲ್ಲರೂ ಬೆಳೆದುಬಂದಿದ್ದೇವೆ. ಆದರೂ ಆ ಭಾಗ್ಯದ ಕುರಿತು ದೇವರೊಡನೆ ಮಾತನಾಡಲು ತೊಡಗುವುದು ಸಾಮಾನ್ಯವಾಗಿ ಅದು ಕೈಬಿಟ್ಟು ಹೋದ ಮೇಲೆಯೇ. ನೊವೇನ, ಹರಕೆ, ಮೇಣದಬತ್ತಿ ಇವೆಲ್ಲವೂ ಆಸ್ಪತ್ರೆಯ ಚೀಟಿ ಕೈಗೆ ಬಂದ ಬಳಿಕ ನೆನಪಾಗುತ್ತವೆ. ಕಾಯಿಲೆಯಿಲ್ಲದ ದಿನಗಳಲ್ಲಿ ಶರೀರವನ್ನು ಕಾಪಾಡಿಕೊಳ್ಳುವುದಕ್ಕೂ ನಮ್ಮ ವಿಶ್ವಾಸಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಕೇಳಿಕೊಳ್ಳುವವರು ವಿರಳ. ಗುರುಮಠದಲ್ಲಿ ತತ್ವಶಾಸ್ತ್ರ ಕಲಿತು, ಹಲವು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ ನಮಗೂ ಈ ಪ್ರಶ್ನೆ ನಿಜವಾಗಿ ಎದುರಾದದ್ದು ಒಬ್ಬ ಹುಡುಗಿಯ ಬಾಯಿಂದ.

ಕೆಲವು ಮಳೆಗಾಲಗಳ ಹಿಂದಿನ ಮಾತು. ನಲವತ್ತೇಳರ ಹರೆಯದ ಕೃಷಿಕರೊಬ್ಬರು ಆಷಾಢದ ಮಳೆಯಲ್ಲಿ ತಮ್ಮ ಅಡಿಕೆ ತೋಟದ ಕಣಿಗಳನ್ನು ಬಿಡಿಸುವ ಕೆಲಸದಲ್ಲಿದ್ದರು. ಕಾಲಿನ ಹಿಮ್ಮಡಿ ಒಡೆದಿತ್ತು. ಬರಿಗಾಲಿನಲ್ಲಿಯೇ ಕೆಲಸ ಮುಂದುವರಿಯಿತು. ವಾರ ಕಳೆದು ಜ್ವರ ಬಂತು, ಮೀನಖಂಡಗಳಲ್ಲಿ ಸಹಿಸಲಾರದ ನೋವು ಕಾಣಿಸಿತು. ‘ಮಳೆಗೆ ನೆನೆದ ಜ್ವರ, ಎರಡು ದಿನದಲ್ಲಿ ಇಳಿಯುತ್ತದೆ’ ಎಂದು ಅಂಗಡಿಯ ಮಾತ್ರೆ ನುಂಗಿದರು. ಐದನೆಯ ದಿನ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದಾಗ ಮನೆಯವರು ಗಾಬರಿಗೊಂಡು ಮಂಗಳೂರಿಗೆ ಕರೆದೊಯ್ದರು. ಇಲಿಜ್ವರವೆಂದು ವೈದ್ಯರು ಹೇಳುವಾಗ ಮೂತ್ರಪಿಂಡಗಳು ಸೋತಿದ್ದವು. ಮೂರನೆಯ ದಿನ ಅವರು ತೀರಿಕೊಂಡರು.

ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಪ್ರಬೋಧನೆ ನೀಡಿದವರು ನಾವು. ಎಲ್ಲವೂ ದೇವರ ಚಿತ್ತ, ಅದಕ್ಕೆ ತಲೆಬಾಗೋಣ ಎಂದೆವು. ಏಳನೆಯ ದಿನದ ಪೂಜೆ ಮುಗಿಸಿ ಆ ಮನೆಗೆ ಹೋದಾಗ, ಪಿಯುಸಿ ಓದುತ್ತಿದ್ದ ಹಿರಿಯ ಮಗಳು ಚಹಾದ ಲೋಟವನ್ನು ನಮ್ಮ ಮುಂದಿರಿಸಿ ಹೀಗೆ ಕೇಳಿದಳು: ‘ಫಾದರ್, ಮೂರು ದಿನ ಮೊದಲು ಕರೆತಂದಿದ್ದರೆ ಉಳಿಸಬಹುದಿತ್ತೆಂದು ಡಾಕ್ಟರು ಹೇಳಿದರು. ದೇವರ ಚಿತ್ತವೆಂದು ನೀವು ಹೇಳಿದಿರಿ. ಇದರಲ್ಲಿ ಯಾವುದು ನಿಜ?’ ಅವಳ ಹಿಂದೆ, ಕೊಟ್ಟಿಗೆಯ ಗೋಡೆಯ ಮೊಳೆಯಲ್ಲಿ ಒಂದು ಜೊತೆ ಗಂಬೂಟು ತೂಗುತ್ತಿತ್ತು. ಹಿಂದಿನ ವರ್ಷವೇ ಕೊಂಡದ್ದಂತೆ; ಬೆರಳಿಗೆ ಒತ್ತುತ್ತದೆಂದು ತಂದೆ ಹಾಕುತ್ತಿರಲಿಲ್ಲವಂತೆ.

ಅಂದು ನಾವು ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಹಿಂತಿರುಗಿದೆವು. ಆ ಉತ್ತರವನ್ನು ತಡವಾಗಿಯಾದರೂ ಕೊಡುವ ಪ್ರಯತ್ನವೇ ಈ ಲೇಖನ.

ದೇವರನ್ನು ಪರೀಕ್ಷಿಸುವ ಭಕ್ತಿ

ಸಂತ ಲೂಕರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು ಕೆಳಗೆ ಧುಮುಕಲು ಹೇಳುತ್ತಾನೆ. ಕಾಲು ಕಲ್ಲಿಗೆ ತಾಗದಂತೆ ದೂತರು ಎತ್ತಿಕೊಳ್ಳುವರೆಂಬ ಕೀರ್ತನೆಯ ಭರವಸೆಯನ್ನೇ ಅವನು ಮುಂದಿಡುತ್ತಾನೆ. ಕೇಳುವುದಕ್ಕೆ ಅದು ಆಳವಾದ ಭಕ್ತಿಯ ಮಾತಿನಂತೆಯೇ ಇದೆ. ಆದರೆ ಪ್ರಭು ಅದನ್ನು ನಿರಾಕರಿಸಿದರು. ದೇವರು ಕೊಟ್ಟ ಮೆಟ್ಟಿಲುಗಳಿರುವಾಗ ಧುಮುಕಿ ರಕ್ಷಣೆ ಬೇಡುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವುದು ಎಂಬುದೇ ಆ ನಿರಾಕರಣೆಯ ಅರ್ಥ. ‘ದೇವರಿದ್ದಾನೆ, ಏನೂ ಆಗುವುದಿಲ್ಲ’ ಎಂದು ರಕ್ತದೊತ್ತಡದ ಮಾತ್ರೆಯನ್ನು ಅರ್ಧದಲ್ಲಿ ನಿಲ್ಲಿಸುವ ನಮ್ಮ ಬಾಂಧವರು ಅರಿಯದೆಯೇ ಆ ಶಿಖರದ ಮೇಲೆ ನಿಂತಿರುತ್ತಾರೆ.

ದೇವರು ಲೋಕವನ್ನು ಪರಿಪಾಲಿಸುವ ಬಗೆಯನ್ನು ವಿವರಿಸುವಾಗ ಸಂತ ತೋಮಸ್ ಅಕ್ವಿನಾಸರು ಒಂದು ಮಹತ್ವದ ವಿಚಾರವನ್ನು ಹೇಳಿದ್ದಾರೆ. ಸರ್ವಶಕ್ತರಾದ ದೇವರು ಎಲ್ಲವನ್ನೂ ತಾವೊಬ್ಬರೇ ನೇರವಾಗಿ ಮಾಡಬಲ್ಲವರಾದರೂ, ತಮ್ಮ ಸೃಷ್ಟಿಗೂ ಕಾರಣವಾಗುವ ಗೌರವವನ್ನು ದಯಪಾಲಿಸಿದ್ದಾರೆ. ಬೆಂಕಿ ಸುಡುತ್ತದೆ, ಬೀಜ ಮೊಳೆಯುತ್ತದೆ, ವೈದ್ಯ ಗುಣಪಡಿಸುತ್ತಾನೆ, ತಾಯಿ ನೀರನ್ನು ಕುದಿಸುತ್ತಾಳೆ. ಇವೆಲ್ಲವೂ ದೇವರ ಕಾರ್ಯಕ್ಕೆ ಎದುರಾದ ಕಾರ್ಯಗಳಲ್ಲ; ಇವುಗಳ ಮೂಲಕವೇ ಅವರ ಕಾರ್ಯ ನಡೆಯುತ್ತದೆ. ಲತೀನ್ ಭಾಷೆಯಲ್ಲಿ ದೈವೀ ಪರಿಪಾಲನೆಗೆ ‘ಪ್ರೊವಿದೆನ್ಸಿಯ’ ಎನ್ನುತ್ತಾರೆ, ಮುಂದಾಗಿ ಕಾಣುವುದು ಎಂದು ಅದರ ಅರ್ಥ. ವಿವೇಕವೆಂಬ ಸದ್ಗುಣಕ್ಕಿರುವ ‘ಪ್ರುದೆನ್ಸಿಯ’ ಎಂಬ ಹೆಸರು ಅದೇ ಪದದಿಂದ ಹುಟ್ಟಿದ್ದು. ಮುಂದಾಲೋಚಿಸಿ ನಡೆಯುವ ಮನುಷ್ಯನು ದೇವರ ಪರಿಪಾಲನೆಯಲ್ಲಿ ತನ್ನ ಪಾಲನ್ನು ಸಲ್ಲಿಸುತ್ತಿದ್ದಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2288ನೆಯ ಪರಿಚ್ಛೇದದಲ್ಲಿ, ಜೀವ ಮತ್ತು ಆರೋಗ್ಯಗಳು ದೇವರು ನಮ್ಮ ವಶಕ್ಕೊಪ್ಪಿಸಿದ ಅಮೂಲ್ಯ ವರಗಳೆಂದೂ ಪರರ ಅಗತ್ಯ ಹಾಗೂ ಸಮಾಜದ ಹಿತವನ್ನು ಗಮನದಲ್ಲಿಟ್ಟು ಅವುಗಳನ್ನು ಕಾಪಾಡಬೇಕೆಂದೂ ಬೋಧಿಸುತ್ತದೆ. ಅದರ ಮರುಪರಿಚ್ಛೇದವೇ ದೇಹಾರಾಧನೆಯನ್ನು ಖಂಡಿಸುತ್ತದೆ. ಶರೀರವು ದೇವರಲ್ಲ, ಪವಿತ್ರಾತ್ಮರ ದೇವಾಲಯವೆಂಬುದು ಸಂತ ಪೌಲರ ಬೋಧನೆ. ದೇವಾಲಯವನ್ನು ಯಾರೂ ಪೂಜಿಸುವುದಿಲ್ಲ. ಹಾಗೆಂದು ಅದರ ಮಾಡು ಸೋರಲು ಬಿಡುವುದೂ ಇಲ್ಲ.

ಹಿರಿಯರು ಕಲಿಸಿದ ಪಾಠ

ನಮ್ಮ ಕರಾವಳಿಯ ಕಥೋಲಿಕ ಸಮುದಾಯಕ್ಕೆ ಈ ವಿಚಾರ ಹೊಸತಲ್ಲ. ಯೇಸುಸಭೆಯ ಜರ್ಮನ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ನೀಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಪ್ಲೇಗ್ ಮಾರಿ ನಗರಕ್ಕೆ ಕಾಲಿಟ್ಟಾಗ, 1902ರಲ್ಲಿ ಪ್ಲೇಗ್ ಪೀಡಿತರಿಗೆಂದೇ ಆಸ್ಪತ್ರೆ ತೆರೆದರು. ಪ್ಲೇಗಿನ ಕಾಲದಲ್ಲಿ ಭಕ್ತರು ಸಂತ ಸೆಬಾಸ್ಟಿಯನರ ಮೊರೆಹೊಕ್ಕರು, ಅದು ಯುಕ್ತವೇ. ಆದರೆ ಆ ರೋಗ ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುತ್ತದೆಂಬುದನ್ನು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟಿದ್ದರು. ಆ ತಿಳಿವಳಿಕೆ ಬಂದ ಬಳಿಕ ಇಲಿಯನ್ನು ದೂರವಿಡುವುದೂ ಪ್ರಾರ್ಥನೆಯ ಒಂದು ಭಾಗವಾಯಿತೆಂದೇ ನಾವು ಭಾವಿಸುತ್ತೇವೆ.

ನಮ್ಮ ಬೆಳ್ತಂಗಡಿ ತಾಲೂಕಿಗೂ ಇಂಥ ನೆನಪಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 1982-83ರ ಸುಮಾರಿಗೆ ನಮ್ಮ ಕಾಡಂಚಿನ ಊರುಗಳಲ್ಲಿ ಕಾಣಿಸಿಕೊಂಡು ಜೀವಗಳನ್ನು ಬಲಿ ತೆಗೆದುಕೊಂಡಿತು. ಗೇರು ನೆಡಲು ಕಾಡನ್ನು ಬೋಳಿಸಿದ್ದಕ್ಕೂ ಆ ರೋಗ ಹಬ್ಬಿದ್ದಕ್ಕೂ ಇರುವ ನಂಟನ್ನು ತಜ್ಞರು ಎತ್ತಿ ತೋರಿಸಿದರು. ಒಬ್ಬರ ಕೊಡಲಿಯ ಏಟು ಇನ್ನೊಬ್ಬರ ಮನೆಯ ಜ್ವರವಾಗಬಹುದು. ಆರೋಗ್ಯವು ಪರರ ಹಿತದೊಂದಿಗೆ ಹೆಣೆದುಕೊಂಡಿದೆ ಎಂಬ ಧರ್ಮಸಭೆಯ ಮಾತಿಗೆ ಇದು ನಮ್ಮ ಹಿತ್ತಿಲಿನದೇ ಉದಾಹರಣೆ.

ನಮ್ಮ ಮನೆಗಳಲ್ಲಿ ಆಗಬೇಕಾದದ್ದು

ಹಾಗಾದರೆ ದಿನನಿತ್ಯ ನಾವು ಮಾಡಬೇಕಾದದ್ದೇನು? ಮೊದಲನೆಯದಾಗಿ, ಚಾರ್ಮಾಡಿಯ ಬುಡದ ಈ ಊರುಗಳಲ್ಲಿ ಮಳೆಗಾಲವನ್ನು ಎಚ್ಚರದಿಂದ ಎದುರುಗೊಳ್ಳಬೇಕು. ಇಲಿಯ ಮೂತ್ರ ಬೆರೆತ ನೀರು ಹಾಗೂ ಕೆಸರಿನಿಂದ ರೋಗಾಣುಗಳು ಗಾಯದ ಮೂಲಕ ಶರೀರವನ್ನು ಸೇರುವುದರಿಂದ ಇಲಿಜ್ವರ ಬರುತ್ತದೆ. ತೋಟಕ್ಕೂ ಗದ್ದೆಗೂ ಇಳಿಯುವವರು ಗಂಬೂಟು ಧರಿಸಬೇಕು. ಗಾಯವಿದ್ದರೆ ನೀರು ತಾಗದಂತೆ ಕಟ್ಟಿಕೊಳ್ಳಬೇಕು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈಕಾಲು ತೊಳೆಯಬೇಕು. ಜ್ವರ ಎರಡು ದಿನ ಮೀರಿದರೆ ವೈದ್ಯರಲ್ಲಿಗೆ ಹೋಗಬೇಕು, ತೋಟದ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಅವರಿಗೆ ತಿಳಿಸಬೇಕು. ಆರಂಭದಲ್ಲಿಯೇ ಚಿಕಿತ್ಸೆ ದೊರೆತರೆ ಇದು ಗುಣವಾಗುವ ರೋಗ.

ಎರಡನೆಯದು ಡೆಂಗ್ಯೂ. ಅದನ್ನು ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ತಿಳಿನೀರಿನಲ್ಲಿ ಬೆಳೆಯುತ್ತದೆ. ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಮರಕ್ಕೆ ಕಟ್ಟಿದ ಬಟ್ಟಲು, ಮನೆಯ ಹಿಂದಿನ ಹಳೆಯ ಟಯರು, ಎಲ್ಲವೂ ಅದಕ್ಕೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿದರೆ ಅದರ ಸಂತಾನ ಮುರಿಯುತ್ತದೆ. ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಕುಟುಂಬವು ಅರ್ಧ ಗಂಟೆ ಹಿತ್ತಿಲು ಸುತ್ತಿದರೆ ಪ್ರಭುವಿನ ದಿನಕ್ಕೆ ಅದರಿಂದ ಕುಂದಿಲ್ಲ. ಸಬ್ಬತ್ ದಿನದಲ್ಲಿಯೇ ರೋಗಿಗಳನ್ನು ಗುಣಪಡಿಸಿದವರು ನಮ್ಮ ಪ್ರಭು.

ಮೂರನೆಯದಾಗಿ, ಸದ್ದಿಲ್ಲದೆ ಬರುವ ರಕ್ತದೊತ್ತಡ ಮತ್ತು ಮಧುಮೇಹ. ಮೂವತ್ತು ದಾಟಿದವರಿಗೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವುಗಳ ತಪಾಸಣೆಯಿದೆ, ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳಬೇಕು. ದಿನಕ್ಕೆ ಒಬ್ಬರಿಗೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳಿಲ್ಲದೆ ಗಂಜಿ ಇಳಿಯದ ನಮ್ಮ ನಾಲಗೆಗೆ ಇದು ತಪಸ್ಸುಕಾಲದ ಉಪವಾಸಕ್ಕಿಂತ ಕಠಿಣವಾದ ವ್ರತವೆಂಬುದನ್ನು ನಾವು ಬಲ್ಲೆವು. ಆ ನಾಲಗೆ ನಮ್ಮದೂ ಹೌದು.

ಇನ್ನೆರಡು ಮಾತುಗಳು ಹೇಳುವುದಕ್ಕೆ ಕಷ್ಟವಾದವು. ರೋಸ್, ಮದುವೆ, ನಾಮಕರಣ ಯಾವುದೇ ಇರಲಿ, ಮದ್ಯವಿಲ್ಲದಿದ್ದರೆ ಸತ್ಕಾರ ಪೂರ್ಣವಾಗದೆಂಬ ಭಾವನೆ ನಮ್ಮ ಸಮುದಾಯದಲ್ಲಿ ಬೇರೂರಿದೆ. ಯಕೃತ್ತು ಕೆಟ್ಟು ಹಾಸಿಗೆ ಹಿಡಿದವರಿಗೆ ಅಭ್ಯಂಗ ಸಂಸ್ಕಾರ ನೀಡಲು ಹೋಗುವ ಗುರುಗಳಿಗೆ ಆ ಸತ್ಕಾರದ ಕೊನೆಯ ಪುಟವೂ ಕಾಣುತ್ತದೆ. ಸೇವಿಸಲೊಲ್ಲೆನೆಂದು ಕೈಮುಗಿದವನನ್ನು ಒತ್ತಾಯಿಸದಿರುವುದೇ ಇಂದು ದೊಡ್ಡ ಪರೋಪಕಾರ. ಇನ್ನು ಅಡಿಕೆ. ನಮ್ಮ ಮಕ್ಕಳ ಶಾಲೆಯ ಶುಲ್ಕ, ಇಗರ್ಜಿಯ ವಂತಿಗೆ ಎಲ್ಲವೂ ಅದರಿಂದಲೇ ಬಂದದ್ದು; ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆ ಜಗಿಯುವುದರಿಂದ ಕ್ಯಾನ್ಸರ್ ಬರಬಹುದೆಂದು 2004ರಲ್ಲಿ ಪ್ರಕಟಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಕಂಡರೆ ವೈದ್ಯರಿಗೆ ತೋರಿಸಬೇಕು. ಬೆಳೆದು ಮಾರುವವರು ಈ ಸತ್ಯವನ್ನು ಅರಿತಿರುವುದು ಪ್ರಾಮಾಣಿಕತೆಯ ಲಕ್ಷಣ.

ತಾಯಂದಿರಿಗೂ ಒಂದು ಮಾತು. ಮನೆಯವರೆಲ್ಲರನ್ನೂ ಆಸ್ಪತ್ರೆಗೆ ಅಟ್ಟಿ, ತನ್ನ ಎದೆಯ ಗಂಟನ್ನೋ ತಲೆಸುತ್ತನ್ನೋ ‘ಮೊಂತಿ ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ’ ಎಂದು ಮುಂದೂಡುವ ತಾಯಂದಿರು ನಮ್ಮಲ್ಲಿ ಅನೇಕರು. ಅದನ್ನು ತ್ಯಾಗವೆಂದು ಹೊಗಳಿದವರಲ್ಲಿ ನಾವೂ ಇದ್ದೇವೆ. ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯಲ್ಲಿ ‘ತನ್ನಂತೆಯೇ’ ಎಂಬುದೂ ಪ್ರಭುವಿನದೇ ಮಾತು.

ಯಾರೂ ಕಾಣದ ಪುಣ್ಯ

ಮುಂಜಾಗ್ರತೆಗೆ ಒಂದು ದೌರ್ಭಾಗ್ಯವಿದೆ. ಅದರ ಫಲ ಕಣ್ಣಿಗೆ ಕಾಣುವುದಿಲ್ಲ. ಗುಣವಾದ ರೋಗಕ್ಕಾಗಿ ಕೃತಜ್ಞತಾ ಪೂಜೆ ಹೇಳಿಸುವವರಿದ್ದಾರೆ. ಬಾರದೆ ಹೋದ ರೋಗಕ್ಕಾಗಿ ಪೂಜೆ ಹೇಳಿಸಿದವರನ್ನು ನಾವಿನ್ನೂ ಕಂಡಿಲ್ಲ. ಕುದಿಸಿದ ನೀರಿನಿಂದ ಯಾವ ಮಗು ಕಾಮಾಲೆಯಿಂದ ಪಾರಾಯಿತು, ಚೆಲ್ಲಿದ ಯಾವ ಚಿಪ್ಪಿನ ನೀರಿನಿಂದ ಯಾವ ನೆರೆಮನೆಯ ಅಜ್ಜಿ ಉಳಿದರು, ಯಾರಿಗೂ ತಿಳಿಯದು. ರಹಸ್ಯದಲ್ಲಿ ಮಾಡಿದ್ದನ್ನು ಕಾಣುವ ತಂದೆಗೆ ಮಾತ್ರ ಅದು ಗೊತ್ತು. ಕಾಣದಿರುವುದರಲ್ಲಿ ಭರವಸೆಯಿಟ್ಟು ಮಾಡುವ ಈ ಕಾರ್ಯಕ್ಕೆ ವಿಶ್ವಾಸವೆಂದಲ್ಲದೆ ಬೇರೆ ಯಾವ ಹೆಸರನ್ನು ಕೊಡೋಣ?

ಎಲ್ಲ ಎಚ್ಚರಿಕೆಯ ಬಳಿಕವೂ ಕಾಯಿಲೆ ಬರಬಹುದು, ಮರಣವಂತೂ ಬಂದೇ ಬರುತ್ತದೆ. ಆಗ ಶಿಲುಬೆಯ ಬುಡದಲ್ಲಿ ನಿಲ್ಲುವುದೊಂದೇ ನಮಗಿರುವ ದಾರಿ. ರೋಗಿಯನ್ನು ‘ನೀನೇ ತಂದುಕೊಂಡೆ’ ಎಂದು ಚುಚ್ಚುವ ಹಕ್ಕು ಯಾರಿಗೂ ಇಲ್ಲ. ಸಿಲೋವಾಮಿನ ಗೋಪುರ ಕುಸಿದು ಸತ್ತವರು ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಯೇಸುಸ್ವಾಮಿ ಸ್ಪಷ್ಟವಾಗಿ ನುಡಿದಿದ್ದಾರೆ.

ಅಂದು ನಮ್ಮನ್ನು ಪ್ರಶ್ನಿಸಿದ ಹುಡುಗಿಗೆ ಇಂದು ನಾವು ಹೇಳಬಯಸುವುದು ಇಷ್ಟೇ. ಮಗಳೇ, ಡಾಕ್ಟರು ಹೇಳಿದ್ದು ನಿಜ. ನಿನ್ನ ತಂದೆಯನ್ನು ದೇವರು ತಮ್ಮ ಮಡಿಲಿಗೆ ತೆಗೆದುಕೊಂಡಿದ್ದಾರೆಂಬ ನಂಬಿಕೆಯೂ ನಿಜ. ಅವರಿಂದಾಗಲಿ ನಿಮ್ಮಿಂದಾಗಲಿ ಪಾಪವಾಯಿತೆಂದು ಎಣಿಸಬೇಡ. ಆದರೆ ನಾವು ಪ್ರಬೋಧನೆಯಲ್ಲಿ ಹೇಳಿದ ಮಾತು ಅರ್ಧವಾಗಿತ್ತು. ನಿಮ್ಮ ಕೊಟ್ಟಿಗೆಯ ಗೋಡೆಯಲ್ಲಿ ತೂಗುತ್ತಿದ್ದ ಗಂಬೂಟೂ ದೇವರ ಚಿತ್ತವೇ ಆಗಿತ್ತು. ಅದನ್ನು ನಾವು ಮಳೆ ಆರಂಭವಾಗುವ ಮೊದಲೇ, ಪೂಜೆಯ ಪೀಠದಿಂದಲೇ ಹೇಳಬೇಕಾಗಿತ್ತು.