ತಗಡಿನ ಚಾವಣಿಗೊಂದು ಒಳಹೊದಿಕೆ

ಹಳೆಯ ಪಿಕಪ್ ಒಂದಕ್ಕೆ ಮರುಜೀವ ಕೊಡಲು ಹೊರಟವರು ಮೊದಲು ಎಂಜಿನ್ ಬಿಚ್ಚುತ್ತಾರೆ. ಆಮೇಲೆ ಟಿಂಕರಿಂಗ್, ಪೇಂಟ್, ಬಂಪರಿನ ಹೊಳಪು. ತಲೆಯ ಮೇಲಿನ ರೂಫ್ ಲೈನಿಂಗ್‌ನ ಸರದಿ ಬರುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ. ಚೆನ್ನೈನಂಥ ಊರಿನಲ್ಲಿ ಅದನ್ನು ಕಡೆಗಣಿಸಿದರೆ ಉಳಿದೆಲ್ಲ ಖರ್ಚು ಅರ್ಧ ವ್ಯರ್ಥ. ತಮಿಳರು ಅಗ್ನಿನಕ್ಷತ್ರ ಎನ್ನುವ ಮೇ ತಿಂಗಳ ದಿನಗಳಲ್ಲಿ ವೆಸ್ಟ್ ಮಾಂಬಲಂನ ಆರ್ಯಗೌಡ ರಸ್ತೆಯ ಬದಿಗೆ ನಿಲ್ಲಿಸಿದ ಗಾಡಿಯ ಚಾವಣಿ ಕೈಯಿಡಲಾಗದಷ್ಟು ಕಾದಿರುತ್ತದೆ. ಲೈನಿಂಗ್ ಇಲ್ಲದ ಕ್ಯಾಬಿನ್‌ನಲ್ಲಿ ಆ ಕಾವು ನೇರವಾಗಿ ನೆತ್ತಿಗೇ ಇಳಿಯುತ್ತದೆ.

ಬಿಸಿಲಿಗಿಂತ ದೊಡ್ಡ ಶತ್ರು ತೇವ. ವೆಸ್ಟ್ ಮಾಂಬಲಂನಲ್ಲಿ ಲೇಕ್ ವ್ಯೂ ರಸ್ತೆ ಇದೆ, ಕೆರೆ ಇಲ್ಲ. 1920ರ ದಶಕದಲ್ಲಿ ತ್ಯಾಗರಾಯನಗರ ಕಟ್ಟಲು ಕೆರೆಯ ನೀರನ್ನು ಬಸಿದರು. 2015ರ ಡಿಸೆಂಬರ್‌ನಲ್ಲಿ, ಮತ್ತೆ 2021ರ ನವೆಂಬರ್‌ನಲ್ಲಿ ಈ ಬೀದಿಗಳಲ್ಲಿ ನೀರು ನಿಂತಿತು. ಗಾಡಿಯ ಒಳಗೆ ನೀರು ಸೀಟಿನವರೆಗಷ್ಟೇ ಬಂದರೂ ಸಾಕು, ಕಿಟಕಿ ಮುಚ್ಚಿದ ಕ್ಯಾಬಿನ್‌ನಲ್ಲಿ ಅದು ಆವಿಯಾಗಿ ಮೇಲೇರಿ, ರಾತ್ರಿ ತಣ್ಣಗಾದ ತಗಡಿಗೆ ಹನಿಯಾಗಿ ಅಂಟುತ್ತದೆ. ಲೈನಿಂಗ್ ಆ ಹನಿಯನ್ನು ಹೀರಿ ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ, ಕೊನೆಗೆ ಜೋತು ಬೀಳುತ್ತದೆ.

ನಮ್ಮಲ್ಲಿ ಉಳಿದಿರುವ ಹಳೆಯ ಪಿಕಪ್‌ಗಳಲ್ಲಿ ಅಮೆರಿಕದ ಮಾದರಿಗಳು ಹಲವು. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬಯಿಯ ಸೆವ್ರಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸುತ್ತಿತ್ತು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಾಡ್ಜ್, ಫಾರ್ಗೋ ಬಂದವು. 1947ರ ನಂತರದ ಷೆವರ್ಲೆ ಪಿಕಪ್‌ನ ಲೈನಿಂಗ್ ಬಟ್ಟೆಯದಲ್ಲ, ಗಟ್ಟಿ ರಟ್ಟಿನದು. ಚಾವಣಿಯ ಬಾಗಿಗೆ ಬಗ್ಗಿಸಿ, ಅಂಚುಗಳನ್ನು ಪಟ್ಟಿಗಳಿಂದ ಹಿಡಿದಿಡುವ ಕ್ರಮ. ಅಂಬಾಸಿಡರ್‌ನಂಥ ಕಾರುಗಳದು ಬೇರೆ ಜಾತಿ. ಬಟ್ಟೆಗೆ ಅಡ್ಡಡ್ಡ ನೆರಿಗೆ ಹೊಲಿದು, ಪೈಜಾಮಕ್ಕೆ ಲಾಡಿ ತೂರಿಸುವಂತೆ ಉಕ್ಕಿನ ಕಂಬಿಗಳನ್ನು ತೂರಿಸಿ, ಕಂಬಿಯ ತುದಿಗಳನ್ನು ಚಾವಣಿಯ ಎರಡೂ ಬದಿಯ ತೂತುಗಳಿಗೆ ಸಿಕ್ಕಿಸುತ್ತಾರೆ. ಪ್ರತಿ ಕಂಬಿಯ ಬಾಗು ಬೇರೆ. ಬಿಚ್ಚುವಾಗಲೇ ಮುಂದಿನಿಂದ ಹಿಂದಕ್ಕೆ ನಂಬರ್ ಬರೆದಿಡದಿದ್ದರೆ ವಾಪಸು ಹಾಕುವಾಗ ಬಟ್ಟೆ ಎಲ್ಲಿ ಎಳೆದರೂ ಸುಕ್ಕು.

ಪಿಕಪ್‌ನ ರಟ್ಟನ್ನು ಕಿತ್ತ ನಂತರ ಮೇಲೆ ನೋಡಿ. ನಿಜವಾದ ಕೆಲಸ ಇರುವುದು ಅಲ್ಲಿ. ಕಡಲ ಗಾಳಿಯ ಊರಿನಲ್ಲಿ ತಗಡಿನ ಒಳಮೈಗೆ ತುಕ್ಕು ಹಿಡಿದಿರುವುದೇ ಹೆಚ್ಚು. ಎಮರಿ ಪೇಪರ್‌ನಿಂದ ತುಕ್ಕು ಉಜ್ಜಿ ತೆಗೆದು ಪ್ರೈಮರ್ ಹೊಡೆಯಬೇಕು. ಮುಂಗಾಜಿನ ರಬ್ಬರ್ ಬೀಡಿಂಗ್ ಮೇಲೆ, ಚಾವಣಿಯ ಜೋಡಣೆಗಳ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಒಳಗೆ ಒಬ್ಬರು ಕುಳಿತು ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಗುರುತು ಹಾಕಬೇಕು. ಸೋರುವ ಚಾವಣಿಯ ಕೆಳಗೆ ಹೊಸ ಲೈನಿಂಗ್ ಕೂರಿಸುವುದು ದುಡ್ಡನ್ನು ಮಳೆಗೆ ಹಾಕಿದ ಹಾಗೆ. ಒಳದೀಪದ ವೈರ್ ಕೂಡ ಈಗಲೇ ಬದಲಾಯಿಸಬೇಕು, ಆಮೇಲೆ ಕೈ ಹೋಗುವುದಿಲ್ಲ.

ಅಂಥ ರಟ್ಟು ಇಲ್ಲಿ ಸಿದ್ಧವಾಗಿ ಸಿಗುವುದು ಕಷ್ಟ. 3 ಮಿ.ಮೀ. ಹಾರ್ಡ್‌ಬೋರ್ಡ್ ಆ ಕೆಲಸ ಮಾಡುತ್ತದೆ. ಹಳೆಯದನ್ನು ಅದರ ಮೇಲಿಟ್ಟು ಗೆರೆ ಎಳೆದು, ಕತ್ತರಿಸುವಾಗ ಒಂದಿಷ್ಟು ದೊಡ್ಡದಾಗಿಯೇ ಇರಲಿ. ಹೆಚ್ಚಾದದ್ದನ್ನು ಉಜ್ಜಿ ಇಳಿಸಬಹುದು, ಕಡಿಮೆಯಾದದ್ದಕ್ಕೆ ದಾರಿಯಿಲ್ಲ. ಒರಟು ಬದಿಗೆ ನೀರು ಹಚ್ಚಿ ನೆನೆಯಲು ಬಿಟ್ಟು, ನಿಧಾನವಾಗಿ ಬಗ್ಗಿಸಿ ಆ ಆಕಾರದಲ್ಲೇ ಕಟ್ಟಿ ಒಣಗಿಸಬೇಕು. ಒಣಗಿದ ಮೇಲೆ ಎರಡೂ ಬದಿಗೆ, ಮುಖ್ಯವಾಗಿ ಅಂಚುಗಳಿಗೆ, ವಾರ್ನಿಷ್. ತೇವ ಒಳನುಗ್ಗುವುದು ಅಂಚಿನಿಂದಲೇ. ರೆಕ್ಸಿನ್ ಹೊದಿಸುವವರು ಮರಕ್ಕೆ ಬಳಸುವ ಬಿಳಿ ಅಂಟನ್ನು ಬಿಟ್ಟು ಎಸ್ಆರ್ 998ರಂಥ ರಬ್ಬರ್ ಅಂಟು ಬಳಸಲಿ. ಎರಡೂ ಮೈಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಚೆನ್ನೈನ ಸೆಕೆಯಲ್ಲಿ ಆರುವ ತನಕ ಕಾಯದೆ ಒತ್ತಿದ ಅಂಟು ಗುಳ್ಳೆ ಏಳುತ್ತದೆ.

ಕೂರಿಸಲು ಇಬ್ಬರು ಬೇಕು. ಒಂದು ಅಂಚನ್ನು ಪಟ್ಟಿಯೊಳಗೆ ತೂರಿಸಿ, ನಡುವೆ ಬಟ್ಟೆ ಸುತ್ತಿದ ಕೋಲಿನಿಂದ ಎತ್ತಿಹಿಡಿದು, ಇನ್ನೊಂದು ಅಂಚನ್ನು ಒಳಗೊತ್ತಬೇಕು. ಸ್ಕ್ರೂಗಳನ್ನು ನಡುವಿನಿಂದ ಬದಿಗೆ ಬಿಗಿಯುತ್ತ ಹೋಗಬೇಕು. ದೀಪದ ತೂತು ಕೊರೆಯುವುದು ಎಲ್ಲ ಕೂತ ಮೇಲೆಯೇ.

ರೆಕ್ಸಿನ್, ಅಂಟು, ಬೀಡಿಂಗ್‌ಗೆ ಮೌಂಟ್ ರೋಡ್ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆ, ಹಳೆಯ ಬಿಡಿಭಾಗಕ್ಕೆ ಪುದುಪೇಟೆ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ. ಮದ್ರಾಸಿಗೆ ಈ ಕಸುಬು ಹೊಸದೇನಲ್ಲ. ಸಿಂಪ್ಸನ್ ಕಂಪನಿ 1840ರಲ್ಲೇ ಇಲ್ಲಿ ಸಾರೋಟು ಕಟ್ಟುತ್ತಿತ್ತು. ಸಾರೋಟಿನ ಒಳಹೊದಿಕೆ ಮಾಡುತ್ತಿದ್ದ ಕೈಗಳ ಕಸುಬೇ ಇಂದಿನ ಕುಶನ್ ಅಂಗಡಿಗಳಲ್ಲಿ ಮುಂದುವರಿದಿದೆ ಎಂದು ನಾನು ಭಾವಿಸುತ್ತೇನೆ.

ಮಾಲೀಕರಿಗೆ ಇನ್ನೊಂದು ಮಾತು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ, ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಛಾಸಿ, ಬಾಡಿ, ಎಂಜಿನ್ ಬದಲಾಯಿಸಿದರೆ ತೊಡಕು. ಹಳೆಯ ಅಳತೆಯಲ್ಲೇ ಹಾಕಿದ ಲೈನಿಂಗ್‌ನಿಂದ ಗಾಡಿಯ ಮೂಲ ರೂಪ ಕೆಡುವುದಿಲ್ಲ.

ಆದ್ದರಿಂದ ಗಾಡಿ ಬಿಚ್ಚಿದ ದಿನ ಹರಿದ ರಟ್ಟನ್ನು, ಬಾಗಿದ ಕಂಬಿಯನ್ನು, ತುಕ್ಕು ಹಿಡಿದ ಪಟ್ಟಿಯನ್ನು ಗುಜರಿಗೆ ಹಾಕಬೇಡಿ. ಅಳತೆ ಇರುವುದು ಅವುಗಳಲ್ಲೇ. ಹೊಸ ಲೈನಿಂಗ್ ಕೂತು ಒಂದು ಮಳೆಗಾಲ ಕಳೆಯುವ ತನಕ ಅವುಗಳನ್ನು ಜೋಪಾನವಾಗಿಡಿ.